ಮೀನಿಲ್ಲದ ಮೀನಿನ ಡಬ್ಬಿ

ವರ್ಷಗಟ್ಟಲೆ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ ನಾನು ಕರಿ ಹಲಗೆಯ ಮೇಲೆ ಕೇರಳವನ್ನು ಎಷ್ಟು ಸಲ ಬಿಡಿಸಿದ್ದೇನೋ. ಹಿನ್ನೀರು ಎಲ್ಲಿ, ರಬ್ಬರು ಎಲ್ಲಿ, ದೊಡ್ಡ ಬಂದರು ಯಾವುದು ಎಂದು ಹುಡುಗಿಯರ ಬಾಯಲ್ಲಿ ಉರು ಹೊಡೆಸಿದ್ದೇನೆ. ಆದರೆ ಆ ನಾಡನ್ನು ಕಣ್ಣಾರೆ ಕಂಡವಳಲ್ಲ. ತೊಂಬತ್ತರ ದಶಕದ ನಡುವೆ, ಒಂದು ಬೇಸಿಗೆ ರಜೆಯಲ್ಲಿ ಕಂಡೆ. ಕಂಡೆ ಎಂದರೂ ಕೋವಳಂ ಕಡಲತೀರಕ್ಕೆ ಹೋಗಲಿಲ್ಲ, ಪದ್ಮನಾಭನ ಗುಡಿಯ ಗೋಪುರವನ್ನು ಆಟೋದಲ್ಲಿ ಕೂತೇ ನೋಡಿದ್ದು. "ಮತ್ತ ಏನ್ ನೋಡಿ ಬಂದ್ರಿ ಅಕ್ಕೋರೆ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋದದ್ದು ಊರು ನೋಡಲಿಕ್ಕಲ್ಲ, ರಾಯಭಾರಕ್ಕೆ. ನನ್ನ ಅಣ್ಣನ ಒಬ್ಬಳೇ ಮಗಳು ಶಾಲ್ಮಲಾ. ಹೆಸರಿಟ್ಟವಳು ನಾನೇ, ನಮ್ಮೂರಲ್ಲಿ ಹುಟ್ಟುವ ಹೊಳೆಯ ಹೆಸರು ಅದು. ಡಾಕ್ಟರಿಕೆ ಮುಗಿಸಿ, ಮೇಲಿನ ಓದಿಗೆಂದು ತಿರುವನಂತಪುರದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ ಸೇರಿದ್ದಳು. ಅಲ್ಲಿ ಏಡ್ಸ್ ರೋಗಿಗಳನ್ನು ನೋಡುವ ಕೆಲಸವನ್ನು ತಾನಾಗಿಯೇ ಕೇಳಿ ವಹಿಸಿಕೊಂಡಿದ್ದಾಳೆ ಎಂಬ ಸುದ್ದಿ ಧಾರವಾಡ ಮುಟ್ಟಿತು. ಹುಡುಗಿ ನೋಡಲು ಬರುತ್ತೇವೆಂದಿದ್ದ ಹುಬ್ಬಳ್ಳಿಯ ಮನೆಯವರು ಆಮೇಲೆ ಸದ್ದೇ ಮಾಡಲಿಲ್ಲ. ಅಣ್ಣ ನನ್ನೆದುರು ಬಂದು ಕೂತು, "ನಿನ್ನ ಮಾತು ಕೇಳ್ತಾಳ ಅಕಿ. ಆ ವಾರ್ಡ್ ಬಿಡಸು, ಇಲ್ಲಂದ್ರ ಸೀದಾ ಕರಕೊಂಡ ಬಾ" ಎಂದ. ನನಗೂ ಒಳಗೊಳಗೆ ಅಂಜಿಕೆ ಇದ್ದೇ ಇತ್ತು. ಆಯಿತು ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಪೇಡೆ ಕಟ್ಟಿಕೊಂಡೆ. ಅವಳಿಗೆಂದು ಹೊಲಿದಿಟ್ಟಿದ್ದ ಕೌದಿಯನ್ನೂ ಮಡಚಿ ಟ್ರಂಕಿಗೆ ತುರುಕಿದೆ. ಅಲ್ಲಿಯ ಸೆಕೆಗೆ ಕೌದಿ ಯಾಕೆ ಎಂದು ಅಣ್ಣ ನಕ್ಕ.

ಎರ್ನಾಕುಲಂ

ಮಂಗಳೂರಿನ ತನಕ ಬಸ್ಸು, ಅಲ್ಲಿಂದ ರೈಲು. ಎರ್ನಾಕುಲಂನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ವಿಮಲಾ ಇದ್ದಳು, ಗಂಡನಿಗೆ ಬಂದರಿನಲ್ಲಿ ನೌಕರಿ. ಅವಳ ಮನೆಯಲ್ಲಿ ಒಂದೆರಡು ದಿನ ಇದ್ದು ಮುಂದೆ ಹೋಗುವುದೆಂದು ಮಾತಾಗಿತ್ತು.

ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಲೋಟದಲ್ಲಿ ತಿಳಿಗೆಂಪು ಬಣ್ಣದ ಬಿಸಿ ನೀರು ತಂದಿಟ್ಟರು. ಲೋಟ ಸರಿಯಾಗಿ ತೊಳೆದಿಲ್ಲ ಎಂದುಕೊಂಡು ಅದನ್ನು ಮೇಜಿನ ಅಂಚಿಗೆ ಸರಿಸಿದೆ. ಮಾಣಿ ಇನ್ನೊಂದು ಲೋಟ ತಂದ. ಅದೂ ಅದೇ ಬಣ್ಣ. ಅದನ್ನೂ ಸರಿಸಿದೆ. ಮೂರನೆಯದನ್ನು ತರುವಾಗ ಅವನ ಮುಖ ನೋಡಿ ವಿಮಲಾಗೆ ನಗು ತಡೆಯಲಿಲ್ಲ. "ಅಕ್ಕೋರೆ, ಅದು ಮರದ ಚಕ್ಕಿ ಹಾಕಿ ಕುದಿಸಿದ ನೀರ್ರೀ. ಇಲ್ಲೆ ಕುದಿಸದ ನೀರು ಯಾರೂ ಮುಟ್ಟೂದಿಲ್ಲ" ಎಂದಳು. ನಲ್ಲಿಗೆ ಬಾಯಿ ಹಚ್ಚಿ ಕುಡಿದು ಬೆಳೆದ ನಮಗೆ ಇದೆಲ್ಲಿ ಗೊತ್ತಾಗಬೇಕು. ಮತ್ತೊಂದು ನೋಡಿದೆ, ಇಲ್ಲಿ ಎಲ್ಲರ ಕೈಯಲ್ಲೂ ಕೊಡೆ. ಬಿಸಿಲಿಗೂ ಕೊಡೆ, ಮೋಡಕ್ಕೂ ಕೊಡೆ, ಏನೂ ಇಲ್ಲದಿದ್ದರೂ ಕೊಡೆ. ನಾನೂ ಉದ್ದ ಹಿಡಿಕೆಯ ಕರಿ ಕೊಡೆಯೊಂದನ್ನು ಕೊಂಡು, ದೋಣಿಯಲ್ಲಿ ವಲ್ಲಾರ್ಪಾಡಂ ದ್ವೀಪಕ್ಕೆ ಹೋಗುವಾಗ ಅದನ್ನು ಬಿಚ್ಚಿ ಹಿಡಿದು ಸಾಹುಕಾರ್ತಿಯ ಹಾಗೆ ಕೂತಿದ್ದೆ.

ದ್ವೀಪದಿಂದ ಮನೆಗೆ ಬಂದರೆ ಶಾಲ್ಮಲಾಳ ಫೋನು ಕಾಯುತ್ತಿತ್ತು.

"ಅತ್ಯಾ, ನಾಳೆ ಮುಂಜಾನಿ ರೈಲಿಗೆ ಬರ್ತಿ ಹೌದಲ್ಲ? ಒಂದು ಔಷಧ ತರಬೇಕು. ಅಲ್ಲಿ ಏಜೆನ್ಸಿಯವ್ರಿಗೆ ಹೇಳೇನಿ, ಡಬ್ಬಿ ಕಟ್ಟಿ ಇಟ್ಟಿರ್ತಾರ."

"ಪಾರ್ಸಲ್ ಕಳಸಲಿಕ್ಕೆ ಅವ್ರಿಗೇನ್ ಧಾಡಿ?"

"ನಾಡದು ಬಂದ್ ಅದ ಅತ್ಯಾ. ಪಾರ್ಸಲ್ ಎಲ್ಲೆರೆ ಸಿಕ್ಕೊಂಡು ಐಸು ಕರಗಿದ್ರ ಔಷಧ ಕೆಡ್ತದ. ನಮ್ಮ ಕಡೆ ಇವತ್ತಿಂದು ಅಷ್ಟ ಉಳದದ. ಭಾಸ್ಕರನ್ ಅಂತ ಒಬ್ರಿದ್ದಾರ, ಹಡಗಿನ್ಯಾಗ ಎಲೆಕ್ಟ್ರಿಷಿಯನ್ ಇದ್ದವ್ರು. ಏಡ್ಸ್ ಆಗೇದ, ಅದರ ಮ್ಯಾಲ ಬೂಷ್ಟು ಮಿದುಳಿಗೆ ಏರೇದ. ಈ ಔಷಧ ದಿನಾ ರಕ್ತಕ್ಕ ಹೋಗಬೇಕು. ಈಗ ನಡುವ ತಪ್ಪಿದ್ರ ಅವ್ರು ಉಳಿಯೂದಿಲ್ಲ."

ಅವಳು ಹೀಗೆ ಸಪಾಟಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ರಾಯಭಾರದ ಮಾತು ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಏಜೆನ್ಸಿಯವನು ಬಿಳಿ ಥರ್ಮೋಕೋಲ್ ಡಬ್ಬಿಯೊಂದನ್ನು ನನ್ನ ತೊಡೆಯ ಮೇಲಿಟ್ಟ. ಒಳಗೆ ಐಸಿನ ಚೀಲಗಳು, ನಡುವೆ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಪುಟ್ಟ ಸೀಸೆಗಳು. ಸೀಸೆಯ ಮೇಲೆ ಆಂಫೋಟೆರಿಸಿನ್ ಎಂಬ ಹೆಸರು. ಬಿಸಿಲು ತಾಕಬಾರದು, ಬೆಚ್ಚಗಾಗಬಾರದು, ಐಸಿಗೆ ನೇರ ಅಂಟಿ ಹೆಪ್ಪುಗಟ್ಟಲೂಬಾರದು ಎಂದು ಚೊಚ್ಚಲ ಬಾಣಂತಿಗೆ ಹೇಳುವಂತೆ ಹೇಳಿದ. ನಾನು ಹಾಗೇ ಕೇಳಿಸಿಕೊಂಡೆ.

ರೈಲಿನಲ್ಲಿ

ಎದುರು ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರು ಮತ್ತು ಅವರ ಹೆಂಡತಿ ಕೂತಿದ್ದರು. ಹಿರಿಯರು ಪೇಪರನ್ನು ಮೊದಲ ಪುಟದ ಮೂಲೆಯಿಂದ ಕೊನೆಯ ಪುಟದ ಮೂಲೆಯ ತನಕ ಓದಿ, ಮಡಚಿ, ನನ್ನನ್ನು ಓದಲು ಶುರು ಮಾಡಿದರು. ಯಾವ ಊರು, ಏನು ಕೆಲಸ, ಎಲ್ಲಿಗೆ. ನಾನು ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ, ಪೇಡೆಯನ್ನೂ ಕೊಟ್ಟೆ. ಅವರು ಅದನ್ನು ಬಾಯಿಗೆ ಹಾಕಿಕೊಂಡು ಡಬ್ಬಿಯ ಕಡೆ ಬೊಟ್ಟು ಮಾಡಿದರು.

"ನನ್ನ ಅಣ್ಣನ ಮಗಳು ಡಾಕ್ಟರು. ಏಡ್ಸ್ ರೋಗಿಯೊಬ್ಬರಿಗೆ ಔಷಧ ಒಯ್ಯುತ್ತಿದ್ದೇನೆ" ಎಂದೆ. ಜಂಬದಿಂದಲೇ ಹೇಳಿದೆ, ಸುಳ್ಳು ಯಾಕೆ.

ಅವರ ದವಡೆ ನಿಂತಿತು. ಪೇಡೆ ಹಿಡಿದಿದ್ದ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಹೆಂಡತಿ ಸೆರಗು ಎಳೆದುಕೊಂಡರು. ಆ ಕಡೆ ಗಾಳಿ ಚೆನ್ನಾಗಿದೆ ಎಂದೇನೋ ಹೇಳಿ ಇಬ್ಬರೂ ಬೇರೆ ಕಡೆ ಹೋಗಿ ಕೂತರು. ಅಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ. ನನಗೆ ಮೈ ಉರಿಯಿತು. ಓದಿದವರು, ಪೇಪರಿನ ಅಕ್ಷರ ಒಂದೂ ಬಿಡದವರು, ಮುಚ್ಚಿದ ಸೀಸೆಯಲ್ಲಿರುವ ಔಷಧಕ್ಕೆ ಹೆದರಿದರು. ಆದರೆ ಹುಬ್ಬಳ್ಳಿಯ ಆ ಮನೆಯವರೂ ಓದಿದವರೇ, ನಮ್ಮ ಅಣ್ಣನೂ ಓದಿದವನೇ. ಯಾರನ್ನು ಬೈಯುವುದು?

ಕೊಟ್ಟಾಯಂನಲ್ಲಿ ದೊಡ್ಡ ಸಂಸಾರವೊಂದು ಹತ್ತಿ ಆ ಖಾಲಿ ಸೀಟುಗಳಲ್ಲಿ ತುಂಬಿಕೊಂಡಿತು. ಅವರ ಅಜ್ಜಿ ನನ್ನ ಡಬ್ಬಿ ನೋಡಿದ್ದೇ ಕಣ್ಣರಳಿಸಿ, "ಮೀನಾಣೋ?" ಎಂದರು. ಮೀನೇ ಎಂದು ಕೇಳಿದ್ದು. ಆ ನಾಡಿನಲ್ಲಿ ಥರ್ಮೋಕೋಲ್ ಡಬ್ಬಿ, ಅದರೊಳಗೆ ಐಸು ಎಂದರೆ ಮೀನೇ, ಬೇರೇನೂ ಇರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ತರುವುದಿಲ್ಲ. ಅಜ್ಜಿಯ ಮುಖ ನೋಡಿದೆ, ಬಿಳಿ ಅಂಗಿಯವರು ಹೋಗಿ ಕೂತ ಕಡೆ ನೋಡಿದೆ. "ಅದೆ, ಮೀನ್", ಹೌದು ಮೀನೇ, ಎಂದುಬಿಟ್ಟೆ.

ಸಂಸಾರವೆಲ್ಲ ಇನ್ನೂ ಹತ್ತಿರ ಸರಿದು ಕೂತಿತು. ಯಾವ ಮೀನು ಎಂದು ಕೇಳಿದಾಗ ನಾನು ತಲೆ ಕೆರೆದುಕೊಂಡೆ. ಮತ್ತಿಯೋ ಎಂದು ಅವರೇ ಹೇಳಿಕೊಟ್ಟರು. ಮತ್ತಿ ಎಂದೆ. ಅಜ್ಜಿ ಕೈಸನ್ನೆಯಲ್ಲಿ, ಅರ್ಧ ಮಲಯಾಳಂ ಅರ್ಧ ತಮಿಳಿನಲ್ಲಿ, ಮಣ್ಣಿನ ಮಡಕೆಯಲ್ಲಿ ಕುಡಂಪುಳಿ ಎಂಬ ಹುಳಿ ಹಾಕಿ ಅದನ್ನು ಹೇಗೆ ಕುದಿಸಬೇಕೆಂದು ಹೇಳಿಕೊಟ್ಟರು. ಕಾಯಿಸಿ ಮರುದಿನ ತಿಂದರೆ ರುಚಿ ಹೆಚ್ಚಂತೆ. ನಾನು ಶ್ರದ್ಧೆಯಿಂದ ತಲೆದೂಗಿದೆ. ಇಂದಿಗೂ ಆ ಸಾರು ಮಾಡುವ ಕ್ರಮ ನನಗೆ ಬಾಯಿಪಾಠ.

ಕಾಯಂಕುಳಂ ದಾಟಿದ ಮೇಲೆ ಎಂಜಿನ್ ಕೆಟ್ಟು ರೈಲು ಬಯಲಲ್ಲಿ ನಿಂತಿತು. ನಿಂತದ್ದು ನಿಂತೇ ಇತ್ತು. ನಡು ಮಧ್ಯಾಹ್ನದ ಬಿಸಿಲು, ಗಾಳಿ ಸತ್ತುಹೋದ ಹಾಗೆ. ಡಬ್ಬಿ ಅಲುಗಿಸಿದರೆ ಮೊದಲು ಕಟಕಟ ಎನ್ನುತ್ತಿದ್ದ ಐಸು ಈಗ ಚುಳುಚುಳು ಎನ್ನತೊಡಗಿತು. ಇನ್ನೊಂದು ಎಂಜಿನ್ ಬಂದು ನಮ್ಮನ್ನು ಎಳೆದುಕೊಂಡು ಹೋಗುವ ಹೊತ್ತಿಗೆ ನಾನು ಮುಚ್ಚಳ ತೆಗೆದು ಬೆರಳು ಇಟ್ಟು ನೋಡಿದೆ. ಚೀಲಗಳಲ್ಲಿ ಬರೀ ನೀರು. ಭಾಸ್ಕರನ್ ಎಂಬ, ನಾನು ಮುಖವನ್ನೇ ನೋಡಿರದ ಮನುಷ್ಯನ ಜೀವ ನನ್ನ ತೊಡೆಯ ಮೇಲೆ ಬೆಚ್ಚಗಾಗುತ್ತಿತ್ತು.

ಕೊಲ್ಲಂ

ಕೊಲ್ಲಂನಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದರು. ಡಬ್ಬಿ ಅಪ್ಪಿಕೊಂಡು, ಕೊಡೆ ಕಂಕುಳಲ್ಲಿ ಇರುಕಿಕೊಂಡು ಇಳಿದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಪಾರ್ಸಲ್ ಆಫೀಸಿನ ಹತ್ತಿರ, ಮೀನು ಮಾರುವ ಹೆಂಗಸರು ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳನ್ನಿಟ್ಟುಕೊಂಡು ಕೂತಿದ್ದರು. ಆ ವಾಸನೆಗೆ ಧಾರವಾಡದಲ್ಲಾದರೆ ಓಣಿ ಬದಲಿಸುತ್ತಿದ್ದೆ. ಈಗ ಮೂಗು ಮುಚ್ಚಿಕೊಳ್ಳಲೂ ಕೈ ಖಾಲಿ ಇರಲಿಲ್ಲ.

ಅಂಚಿನಲ್ಲಿದ್ದ ನನ್ನ ವಯಸ್ಸಿನ ಒಬ್ಬಾಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಡಬ್ಬಿ ತೋರಿಸಿ, "ಐಸ್, ಐಸ್" ಎಂದೆ.

"ಏದು ಮೀನ್?" ಎಂದಳು ಆಕೆ. ಯಾವ ಮೀನು ಎಂದು.

"ಮತ್ತಿ."

ಅವಳಿಗೆ ನಗು ಬಂತು. ಮತ್ತಿಯಂಥ ಸಣ್ಣ ಮೀನಿಗೆ ಇಷ್ಟು ಚಂದದ ಡಬ್ಬಿಯೇ ಎಂದು ಪಕ್ಕದವಳಿಗೆ ಹೇಳುತ್ತಲೇ, ಕಸುಬಿನ ಅಭ್ಯಾಸದಲ್ಲಿ, ನನ್ನನ್ನು ಕೇಳದೆ ಮುಚ್ಚಳ ಎತ್ತಿದಳು. ಒಳಗೆ ಸೀಸೆಗಳು. ಅವಳ ನಗು ಹಾಗೇ ಇಳಿಯಿತು.

"ಮರುನ್ನು. ಆಶುಪತ್ರಿ" ಎಂದೆ. ಔಷಧ, ಆಸ್ಪತ್ರೆ. ಅಷ್ಟು ಮಲಯಾಳಂ ವಿಮಲಾ ಕಲಿಸಿದ್ದಳು.

ಏನು ರೋಗ ಎಂದು ಕೇಳಿದಳು. ನಾನು ಬಾಯಿ ತೆರೆದವಳು ಒಂದು ಗಳಿಗೆ ತಡೆದೆ. ಬಿಳಿ ಅಂಗಿಯವರ ಬೆರಳುಗಳು ಕಣ್ಣಮುಂದೆ ಬಂದವು. ಆದರೆ ಈಕೆಯ ಕೈ ನನ್ನ ಡಬ್ಬಿಯೊಳಗಿತ್ತು, ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಏಡ್ಸ್" ಎಂದೆ.

ಆ ಮಾತು ಅವಳಿಗೆ ಗೊತ್ತಿತ್ತು. ಕೈ ನಿಂತಿತು, ಆದರೆ ಹಿಂದೆ ಹೋಗಲಿಲ್ಲ. ಕರಗಿದ ಚೀಲಗಳನ್ನು ತೆಗೆದು ಹೊರಗೆ ಸುರಿದಳು. ಮೀನಿನ ಮೇಲಿದ್ದ ಐಸನ್ನು ಮುಟ್ಟಲಿಲ್ಲ, ಹಿಂದಿನ ಗೋಣಿಚೀಲ ಬಿಡಿಸಿ ಬೇರೆ ಗಡ್ಡೆ ಒಡೆದಳು. ಹೊಸ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿ, ಸೀಸೆಗಳ ಬಟ್ಟೆ ಸರಿ ಮಾಡಿ, ಡಬ್ಬಿಗೆ ತೆಂಗಿನ ಹುರಿ ಬಿಗಿದಳು. ಅಷ್ಟರಲ್ಲಿ ಪಕ್ಕದವಳು ಕತ್ತು ಚಾಚಿ ಒಳಗೇನಿದೆ ಎಂದು ಕೇಳಿದಳು.

"ಮತ್ತಿ" ಎಂದಳು ಈಕೆ, ಅತ್ತ ನೋಡದೆ.

ಕೈ ಮುಗಿಯಲು ಹೋದರೆ ರೈಲು ಹೊರಡುತ್ತದೆ ಹೋಗು ಹೋಗು ಎಂದು ಗದರಿದಳು. ಓಡಿ ಹತ್ತಿ ಕೂತ ಮೇಲೆ ನೋಡುತ್ತೇನೆ, ಕೊಡೆ ಅವಳ ಪಾತ್ರೆಯ ಪಕ್ಕದಲ್ಲೇ ಉಳಿದಿದೆ. ಒಳ್ಳೆಯದೇ ಆಯಿತು.

ತಿರುವನಂತಪುರ

ಸಂಜೆಯ ಹೊತ್ತಿಗೆ ಆಸ್ಪತ್ರೆ ಮುಟ್ಟಿದೆ. ಶಾಲ್ಮಲಾ ವಾರ್ಡಿನ ಬಾಗಿಲಲ್ಲೇ ಕಾಯುತ್ತಿದ್ದಳು. ಬಂದೆಯಾ ಎನ್ನಲಿಲ್ಲ, ಕಾಲಿಗೆ ಬೀಳಲಿಲ್ಲ. ಮೊದಲು ಹುರಿ ಬಿಚ್ಚಿ ಸೀಸೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಆಮೇಲೆ ನನ್ನ ಕುತ್ತಿಗೆಗೆ ಜೋತುಬಿದ್ದು, "ಅತ್ಯಾ, ನೀ ಮೀನಿನ ವಾಸನಿ ಹೊಡೀಲಿಕ್ಕತ್ತಿ" ಎಂದಳು.

ಮೂಲೆಯ ಮಂಚದಲ್ಲಿ ಭಾಸ್ಕರನ್. ನಲವತ್ತರ ಆಸುಪಾಸಿನ ಎತ್ತರದ ಮನುಷ್ಯ, ಮೈಮೇಲೆ ಮಾಂಸವೇ ಇಲ್ಲ. ಕಣ್ಣು ತೆರೆದಿದ್ದರೂ ನೋಟ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಓಮನ. ಉಳಿದ ಮಂಚಗಳಲ್ಲಿದ್ದ ಕೆಲವರ ಬಾಯಿಯೆಲ್ಲ ನೇರಳೆ ಬಣ್ಣ. ಬಾಯಲ್ಲೂ ಬೂಷ್ಟು ಬೆಳೆದು ತುತ್ತು ನುಂಗಲಾಗದವರಿಗೆ ಆ ಬಣ್ಣದ ಔಷಧ ಹಚ್ಚುತ್ತಾರಂತೆ.

ಶಾಲ್ಮಲಾ ತಾನೇ ಕೂತು ಔಷಧ ಬೆರೆಸಿದಳು. ನಾನು ಸುಮ್ಮನಿರಲಾರದೆ, "ಸಲೈನ್ ಹಚ್ಚತಿ ಏನು?" ಎಂದೆ. ನಮ್ಮ ಕಡೆ ಮೇಲೆ ತೂಗುಹಾಕಿದ್ದೆಲ್ಲ ಸಲೈನೇ.

"ಹಂಗ ಅನಬ್ಯಾಡ ಅತ್ಯಾ, ಯಾರೆರೆ ಕೇಳಿ ಉಪ್ಪಿನ ನೀರು ತಂದಾರು. ಈ ಔಷಧ ಉಪ್ಪಿನ ನೀರಿಗೆ ಹಾಕಿದ್ರ ಒಡದು ತಳಕ್ಕ ಕೂಡ್ತದ. ಗ್ಲೂಕೋಸ್ ನೀರೇ ಬೇಕು. ಬೆಳಕೂ ಆಗೂದಿಲ್ಲ ಇದಕ್ಕ" ಎನ್ನುತ್ತ ಬಾಟಲಿಗೆ ಕರಿ ಬಟ್ಟೆಯ ಚೀಲ ತೊಡಿಸಿದಳು. ಹನಿ ಹನಿಯಾಗಿ, ತಾಸುಗಟ್ಟಲೆ ಇಳಿಯಬೇಕಂತೆ.

ಸ್ವಲ್ಪ ಹೊತ್ತಿಗೆ ಅವರಿಗೆ ನಡುಕ ಶುರುವಾಯಿತು. ಚಳಿಯ ನಡುಕವಲ್ಲ ಅದು, ಮಂಚವೇ ಅಲುಗುತ್ತಿತ್ತು. ಈ ಔಷಧದ ಗುಣವೇ ಹಾಗೆ, ಕಾಯುವ ಮೊದಲು ಕಾಡುತ್ತದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಶಾಲ್ಮಲಾ ಬರಿಗೈಯಲ್ಲಿ ಅವರ ಎರಡೂ ಪಾದ ಒತ್ತಿ ಹಿಡಿದು, ಮಲಯಾಳಂನಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಹಲ್ಲಿ ಕಂಡರೆ ನನ್ನ ಸೀರೆಯೊಳಗೆ ಅಡಗುತ್ತಿದ್ದ ಹುಡುಗಿ ಅವಳು. ಹೊದಿಸಲು ಆಸ್ಪತ್ರೆಯ ತೆಳು ಕಂಬಳಿ ಸಾಲಲಿಲ್ಲ. ನಾನು ಟ್ರಂಕು ತೆರೆದು ಕೌದಿ ತೆಗೆದೆ. ಬಾಗಿಲಿಂದ ಮಂಚದ ತನಕ ನಡೆದು, ನನ್ನ ಕೈಯಾರೆ ಅವರಿಗೆ ಹೊದಿಸಿದೆ. ಅಂಜಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಬಂದ್ ದಿನ

ಶಾಲ್ಮಲಾ ಪಟ್ಟಂ ಎಂಬ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಬಂದ್ ದಿನ ಬಸ್ಸಿಲ್ಲ, ಆಟೋ ಇಲ್ಲ. ಇಬ್ಬರೂ ಆಸ್ಪತ್ರೆಗೆ ನಡೆದೇ ಹೊರಟೆವು. ನಮ್ಮೂರ ಬಂದ್ ಎಂದರೆ ಅರ್ಧ ಬಾಗಿಲು ತೆರೆದ ಅಂಗಡಿ, ಹಿಂದಿನಿಂದ ವ್ಯಾಪಾರ. ಇಲ್ಲಿ ಪೂರ್ತಿ ಸ್ತಬ್ಧ. ರಸ್ತೆಯ ನಡುವೆ ನಾಯಿಯೊಂದು ಮಲಗಿ ನಿದ್ದೆ ಹೋಗಿತ್ತು. ಬಾವುಟ ಹಿಡಿದು ಕೂತಿದ್ದ ಕೆಲವರು ತಡೆದು ಎಲ್ಲಿಗೆ ಎಂದರು. ಶಾಲ್ಮಲಾ ಸ್ಟೆತಸ್ಕೋಪ್ ತೋರಿಸಿದಳು. ಒಬ್ಬಾತ ಎದ್ದು ನಿಂತು ದಾರಿ ಬಿಟ್ಟ. ಅವಳ ಹಿಂದೆ ನಾನೂ ಎದೆ ಸೆಟೆಸಿ ನಡೆದೆ.

ಅಂದು ಅವಳು ನನಗೆ ಸೂಕ್ಷ್ಮದರ್ಶಕದಲ್ಲಿ ಆ ಬೂಷ್ಟನ್ನು ತೋರಿಸಿದಳು. ರೋಗಿಯ ಬೆನ್ನಿನಿಂದ ತೆಗೆದ ನೀರಿನ ಹನಿಗೆ ಕರಿ ಶಾಯಿ ಬೆರೆಸಿ ನೋಡುತ್ತಾರೆ. ಕರಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಚುಕ್ಕೆ ಇಟ್ಟು ಸುತ್ತ ದಪ್ಪ ವರ್ತುಳ ಬಿಡಿಸಿದ ಹಾಗೆ ಕಂಡಿತು. ಇಷ್ಟು ಚಂದದ್ದು ಇಷ್ಟು ಕೆಟ್ಟದ್ದೇ ಎನಿಸಿತು.

"ಇದು ನಮಗ ಹತ್ತೂದಿಲ್ಲೇನ?" ಎಂದು ಕೇಳಿಯೇಬಿಟ್ಟೆ.

"ಮಣ್ಣಾಗ, ಪಾರಿವಾಳದ ಹಿಕ್ಕಿಯೊಳಗ ಇರೂದು ಅತ್ಯಾ ಇದು. ದಿನಾ ನಿನ್ನ ಮೂಗಿನ್ಯಾಗೂ ಹೋಗಿರ್ತದ, ನಿನ್ನ ಮೈ ಹೊರಗ ಹಾಕ್ತದ. ಅವ್ರ ಮೈಗೆ ಆ ಕಸುವಿಲ್ಲ. ಅವ್ರನ್ನ ಮುಟ್ಟಿದ್ರ ಬರೂದಲ್ಲ ಇದು."

ದಿನವೂ ಅವಳು ಭಾಸ್ಕರನ್ ಅವರಿಗೆ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಳು. ನೀವು ಎಲ್ಲಿದ್ದೀರಿ, ಇವರು ಯಾರು. ಎಲ್ಲಿ ಎಂದರೆ ಅವರು ಹಡಗು ಎನ್ನುತ್ತಿದ್ದರು. ಶಾಲ್ಮಲಾಳನ್ನು ಒಮ್ಮೆ ಅಕ್ಕ ಎಂದರು, ಒಮ್ಮೆ ಕಪ್ತಾನ ಎಂದರು. ಓಮನ ಮುಖ ಆಚೆ ತಿರುಗಿಸುತ್ತಿದ್ದಳು. ನಾಲ್ಕು ದಿನಕ್ಕೆಂದು ಹೋದವಳು ನಾನು ರಜೆ ಮುಗಿಯುವ ತನಕ ಉಳಿದೆ. ಔಷಧ ರಕ್ತದ ಸತ್ವ ತೊಳೆದುಬಿಡುತ್ತದೆ ಎಂದು ಕರಿಕ್ಕು, ಅಂದರೆ ನಮ್ಮ ಎಳನೀರು, ತಂದು ಗುಟುಕು ಗುಟುಕಾಗಿ ಕುಡಿಸುವುದು ನನ್ನ ಕೆಲಸವಾಯಿತು. ಓಮನಳಿಗೆ ರೈಲಿನ ಕಥೆ ಹೇಳಿ ನಗಿಸಿದೆ. ಅವಳು ವಾರ್ಡಿಗೆಲ್ಲ ಹೇಳಿದಳು. ಮರುದಿನದಿಂದ ನರ್ಸುಗಳು ನನ್ನನ್ನು ಮೀನ್ ಚೇಚಿ, ಮೀನಕ್ಕ, ಎಂದು ಕರೆಯತೊಡಗಿದರು. ನಮ್ಮ ಅವ್ವ ಬದುಕಿದ್ದರೆ ಆ ಹೆಸರು ಕೇಳಿ ಮೂರು ಸಲ ಸ್ನಾನ ಮಾಡುತ್ತಿದ್ದಳು.

ಹೊರಡುವ ಮುನ್ನ

ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಭಾಸ್ಕರನ್ ದಿಂಬಿಗೆ ಒರಗಿ ಕೂತಿದ್ದರು. ಕೌದಿ ಕಾಲ ಮೇಲಿತ್ತು. ಶಾಲ್ಮಲಾ ಎಂದಿನಂತೆ ಕೇಳಿದಳು, ಎಲ್ಲಿದ್ದೀರಿ?

ಅವರು ಕಿಟಕಿಯ ಕಡೆ ನೋಡಿದರು. ಮಂಚ ನೋಡಿದರು. "ತಿರುವನಂತಪುರಂ. ಆಶುಪತ್ರಿ."

ಓಮನ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಶಾಲ್ಮಲಾ ದನಿ ಬದಲಿಸದೆ ತನ್ನನ್ನೇ ತೋರಿಸಿಕೊಂಡು, ಇದು ಯಾರು ಎಂದಳು.

"ಶಾಲು ಡಾಕ್ಟರ್."

ಆಮೇಲೆ ನನ್ನ ಕಡೆ ಕೈ ಮಾಡಿದಳು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಒಣಗಿದ ತುಟಿಯ ಒಂದು ಮೂಲೆ ಮೇಲೆ ಹೋಯಿತು. "ಮೀನ್ ಚೇಚಿ" ಎಂದರು.

ಶಾಲ್ಮಲಾ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. "ಹಳೇದು ನೆನಪಾಗೂದು ಬ್ಯಾರೆ ಅತ್ಯಾ. ಇದು ಹೊಸಾದು. ಮಲಗಿದಲ್ಲೇ ಕೇಳಿ ಇಟ್ಕೊಂಡಾರ" ಎಂದಳು. ಮೂಲ ರೋಗ ಹೋಗಿಲ್ಲ, ಅದಕ್ಕೆ ಅವಳ ಕೈಯಲ್ಲಿ ಔಷಧವಿಲ್ಲ, ಬೂಷ್ಟು ಮತ್ತೆ ಬರದಂತೆ ಫ್ಲುಕೋನಜೋಲ್ ಗುಳಿಗೆಯನ್ನು ಅವರು ನುಂಗುತ್ತಲೇ ಇರಬೇಕು ಎಂದೂ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ. ಆದರೆ ಅವರು ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗುತ್ತಾರೆ, ಹೆಂಡತಿಯ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಎಷ್ಟೋ ಹುಡುಗಿಯರು ಮೊದಲ ದರ್ಜೆ ತಂದಾಗಲೂ ಹಾಗೆ ಉಬ್ಬಿರಲಿಲ್ಲ.

ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನು ಮಾಡಿದೆ.

"ಏನಂದ್ಲು ಅಕಿ? ಬರ್ತಾಳೋ ಇಲ್ಲೋ?" ಎಂದ.

"ಅಕಿನ್ನ ನಾ ಕೇಳೇ ಇಲ್ಲ."

"ಮತ್ತ ಹುಬ್ಬಳ್ಳಿಯವ್ರು ಕೇಳಿದ್ರ ಏನ್ ಹೇಳ್ಲಿ?"

"ಹುಡುಗಿ ನೋಡೂದಿದ್ರ ಇಲ್ಲೆ ವಾರ್ಡಿಗೆ ಬಂದು ನೋಡ್ರಿ ಅಂತ ಹೇಳು. ನಾ ನೋಡೇನಿ."

ಆಮೇಲೆ ಡಬ್ಬಿ, ಐಸು, ನಡುಕ, ಬೆಳಗಿನ ಮಾತು, ಎಲ್ಲ ಹೇಳಿದೆ. ಅಣ್ಣ ಕೇಳಿದ್ದು ಇಷ್ಟೇ.

"ಆ ಮನಷ್ಯಾ ಇವತ್ತ ಏನರೆ ಉಂಡಾನೇನು?"

"ಗಂಜಿ ಕುಡದಾನ. ಇನ್ನೊಂದೀಟು ಹಾಕು ಅಂದಾನ."

"ಹಂಗಾರ ಅಕಿನ್ನ ಅಲ್ಲೇ ಬಿಟ್ಟು ಬಾ" ಎಂದ ಅಣ್ಣ.